ಕೈ, ಕಾಲು, ಬಾಯಿ ಮತ್ತು ಒಂದು ಎಮ್ಮೆ

ಮೊದಲ ಮಗು ಬಂದದ್ದು ಬಬಲೇಶ್ವರದ ಸಂತೆಯ ದಿನ. ಆ ದಿನ ನಮ್ಮ ಆರೋಗ್ಯ ಕೇಂದ್ರದಲ್ಲಿ ಹತ್ತು ಗಂಟೆಗೆಲ್ಲ ಜನ ತುಂಬಿರುತ್ತಾರೆ. ಡಾಕ್ಟರಿಗೆ ತೋರಿಸಿಕೊಂಡು ಹಾಗೇ ಜೀಪು ಹತ್ತಿ ಸಂತೆಗೆ ಹೋಗಬೇಕೆಂದು ಎಲ್ಲರಿಗೂ ಅವಸರ. ನಾನಿರುವುದು ಬಬಲೇಶ್ವರದಿಂದ ಮಮದಾಪುರದ ಕಡೆ ಹೋಗುವ ರಸ್ತೆಗೆ ಹತ್ತಿರದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಡಾಕ್ಟರ್ ನಾನೊಬ್ಬಳೇ. ಜೊತೆಗೆ ಇಪ್ಪತ್ತು ವರ್ಷ ಸರ್ವಿಸಾದ ಒಬ್ಬ ಹಿರಿಯ ಸಿಸ್ಟರ್. ವಿಜಯಪುರದ ಜಲನಗರದ ಮನೆಯಿಂದ ನಾನು ದಿನಾ ಬಸ್ಸಿಗೆ ಬಂದುಹೋಗುತ್ತೇನೆ.

ಮೂರು ವರ್ಷದ ಹುಡುಗಿ. ಎತ್ತಿಕೊಂಡು ಬಂದವಳು ಅಜ್ಜಿ. ಹುಡುಗಿಯ ಅಂಗಿಯ ಕಿಸೆಯಲ್ಲಿ ಬೇವಿನ ಸೊಪ್ಪು ಇಟ್ಟಿದ್ದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

"ಅಮ್ಮ ಬಂದಾಳ್ರಿ ಬಾಯಾರ. ಸೂಜಿ ಗೀಜಿ ಮಾಡಬ್ಯಾಡ್ರಿ. ಎರಡ ದಿನಾತು ಒಂದು ತುತ್ತು ನುಂಗವಲ್ಲಳು, ಅದಕ್ಕ ತಂದೀನಿ," ಎಂದಳು ಅಜ್ಜಿ.

ಅಮ್ಮ ಎಂದರೆ ಸಿಡುಬಿನ ಕಾಲದಿಂದ ಉಳಿದುಬಂದ ಮಾತು. ಈಗ ನಮ್ಮ ಕಡೆ ಮೈಮೇಲೆ ನೀರುಗುಳ್ಳೆ ಎದ್ದರೆ ಯಾವುದಕ್ಕೂ ಅದೇ ಹೆಸರು. ನಾನು ಹುಡುಗಿಯ ಅಂಗಿ ಎತ್ತಿ ಎದೆ, ಹೊಟ್ಟೆ, ಬೆನ್ನು ನೋಡಿದೆ. ಸ್ವಚ್ಛವಾಗಿದ್ದವು. ಸಿಡುಬಿನ ತಂಗಿಯಂಥ ಚಿಕನ್‌ಪಾಕ್ಸ್ ಆದರೆ ಗುಳ್ಳೆಗಳು ಮೊದಲು ಕಾಣುವುದು ಅಲ್ಲಿಯೇ, ತುರಿಕೆಯೂ ವಿಪರೀತ. ಅಂಗೈ ಬಿಡಿಸಿ ನೋಡಿದೆ. ಜೋಳದ ಕಾಳಿಗಿಂತ ಸಣ್ಣ, ಉದ್ದುದ್ದನೆಯ, ಬೂದುಬಣ್ಣದ ಗುಳ್ಳೆಗಳು, ಸುತ್ತ ಕೆಂಪಂಚು. ಅಂಗಾಲಲ್ಲೂ ಅವೇ. ಕುಂಡೆಯ ಮೇಲೆ ಕೆಂಪು ಕಲೆಗಳು. ಟಾರ್ಚ್ ಹಿಡಿದು ಬಾಯಿ ತೆರೆಸುವುದಕ್ಕೆ ಸಿಸ್ಟರ್ ಸಹಾಯ ಬೇಕಾಯಿತು. ನಾಲಿಗೆಯ ಅಂಚಿಗೆ, ಕೆನ್ನೆಯ ಒಳಗೆ, ಅಂಗುಳಿನ ಹಿಂಭಾಗದಲ್ಲಿ ಹುಣ್ಣುಗಳಿದ್ದವು. ಇಷ್ಟಾದ ಮೇಲೆ ಸಂಶಯಕ್ಕೆ ಜಾಗವಿರಲಿಲ್ಲ.

"ಯವ್ವಾ, ಇದು ಅಮ್ಮ ಅಲ್ಲ. ಇದಕ್ಕ ಕೈ ಕಾಲು ಬಾಯಿ ರೋಗ ಅಂತಾರ. ಸಣ್ಣ ಹುಡುಗ್ರಿಗೆ ಬರತೈತಿ, ವಾರ ಹತ್ತು ದಿನದಾಗ ತಾನ ಹೋಗತೈತಿ," ಎಂದೆ.

"ಕಾಲುಬಾಯೇನ್ರಿ?" ಅಜ್ಜಿ ಕೇಳಿದಳು.

"ಹೂಂ. ಕೈ, ಕಾಲು, ಬಾಯಿ," ಎನ್ನುತ್ತ ನಾನು ಚೀಟಿ ಬರೆಯುತ್ತಿದ್ದೆ. ತೂಕ ನೋಡಿ ಪ್ಯಾರಾಸಿಟಮಾಲ್ ಸಿರಪ್ಪಿನ ಅಳತೆ ಹೇಳಿದೆ. ಇದು ವೈರಸ್ ರೋಗ, ಇದನ್ನೇ ಗುರಿಯಿಟ್ಟು ಕೊಲ್ಲುವ ಔಷಧಿ ಇಲ್ಲ, ನೋವು ಕಡಿಮೆ ಮಾಡಿ ನೀರಿನಂಶ ಕಾಯ್ದುಕೊಂಡರೆ ದೇಹ ತಾನೇ ಗೆಲ್ಲುತ್ತದೆ. ಜೋಳದ ನುಚ್ಚಿಗೆ ತಣ್ಣಗಿನ ಹುಳಿಯಿಲ್ಲದ ಮಜ್ಜಿಗೆ ಕಲಸಿ ಕೊಡಿ, ಖಾರ, ಹುಳಿ ಬೇಡ, ಗುಳ್ಳೆ ಒಡೆಯಬೇಡಿ, ವಾರ ಅಂಗನವಾಡಿಗೆ ಕಳಿಸಬೇಡಿ ಎಂದೆಲ್ಲ ಹೇಳಿದೆ. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿದಳು. ಆದರೆ ಅವಳ ಮುಖ ನೋಡಿದ ನೆನಪು ನನಗಿಲ್ಲ. ಹೊರಗೆ ಸಾಲು ಬೆಳೆಯುತ್ತಿತ್ತು.

ದನ ಕಟ್ಟಿದ ಮನೆಗಳಲ್ಲಿ ಕಾಲುಬಾಯಿ ಬೇನೆ ಎಂದರೆ ಏನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಎಮ್ಮೆ, ಎತ್ತುಗಳ ಬಾಯಿಯಲ್ಲಿ ಹುಣ್ಣಾಗಿ, ಗೊರಸು ಕೊಳೆತು, ಹಾಲು ಬತ್ತಿಹೋಗುವ ರೋಗ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡರ ವೈರಸ್ಸುಗಳೇ ಬೇರೆ. ಹೆಸರು ಮಾತ್ರ ಅಕ್ಕತಂಗಿಯರಂತೆ ಇದೆ. ಈ ಒಂದು ಮಾತನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು.

ಮುಂದಿನ ಐದು ದಿನಗಳಲ್ಲಿ ಅದೇ ಹಳ್ಳಿಯಿಂದ ಮತ್ತೆ ನಾಲ್ಕು ಮಕ್ಕಳು ಬಂದರು. ಎಲ್ಲರೂ ಒಂದೇ ಅಂಗನವಾಡಿಯವರು. ಎಲ್ಲರಿಗೂ ಸೌಮ್ಯವಾಗಿಯೇ ಇತ್ತು. ಆರನೆಯ ದಿನದಿಂದ ಬರುವುದು ನಿಂತುಹೋಯಿತು. ರೋಗ ಇಳಿಮುಖವಾಯಿತೆಂದು ನಾನು ಸಮಾಧಾನಪಟ್ಟುಕೊಂಡೆ.

ಎಂಟನೆಯ ದಿನ ಅದೇ ಹಳ್ಳಿಯ ಒಬ್ಬ ತಾಯಿ ಹದಿನಾಲ್ಕು ತಿಂಗಳ ಗಂಡುಕೂಸನ್ನು ಎದೆಗೊತ್ತಿಕೊಂಡು ಓಡುತ್ತ ಬಂದಳು. ಕೂಸು ಅಳುತ್ತಿತ್ತು, ಕಣ್ಣೀರಿರಲಿಲ್ಲ. ಕಣ್ಣು ಗುಳಿಬಿದ್ದಿದ್ದವು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಕೆಳಗಿಳಿಯಿತು. ಅಂಗೈಗಳಲ್ಲಿ ಅದೇ ಗುಳ್ಳೆಗಳು.

"ಉಚ್ಚಿ ಯಾವಾಗ ಹೊಯ್ದಾನ?"

"ನಿನ್ನಿ ಸಂಜಿಗ್ರಿ. ಮುಂಜಾನಿಂದ ಲಂಗೋಟಿ ಒಣಗೇ ಐತ್ರಿ."

"ಎದಿಹಾಲು ಕುಡದಾನೇನು?"

ಅವಳು ಕೂಸಿನ ಲಂಗೋಟಿ ಸರಿಮಾಡತೊಡಗಿದಳು. ಸಿಸ್ಟರ್ ಇನ್ನೊಮ್ಮೆ ಕೇಳಿದಾಗ ನೆಲ ನೋಡುತ್ತ ಹೇಳಿದಳು. "ಬಿಡಿಸೇನ್ರಿ, ಎರಡು ದಿನಾತು. ನಾನೂ ಆ ಎಮ್ಮಿ ಹಾಲ ಕುಡದಿದ್ನಿ, ಅದಕ್ಕ."

"ಯಾವ ಎಮ್ಮಿ?"

"ಕಾಲುಬಾಯಿ ಬಂದಿದ್ದ ಎಮ್ಮಿರಿ. ನೀವ ಹೇಳೀರಂತಲ್ರಿ, ಹುಡುಗ್ರಿಗೂ ಅದ ಬಂದೈತಿ ಅಂತ?"

ಆಗ ಯೋಚಿಸುತ್ತ ಕೂರುವ ಹಾಗಿರಲಿಲ್ಲ. ಕೂಸಿನ ತೂಕ ಎಂಟು ಕೆಜಿ. ನಾಲ್ಕು ತಾಸಿನಲ್ಲಿ ಆರುನೂರು ಎಂ.ಎಲ್. ಓಆರ್‌ಎಸ್ ಒಳಗೆ ಹೋಗಬೇಕು. ಮೊದಲ ಚಮಚ ಬಾಯಿಗಿಟ್ಟೊಡನೆ ಕೂಸು ಚೀರಿ ಉಗಿಯಿತು. ಹುಣ್ಣಿಗೆ ಏನು ತಾಗಿದರೂ ಉರಿ. "ಮೇಡಂ, ಮೊದಲ ನೋವಿಂದು ಕೊಡೂಣ್ರಿ, ಅರ್ಧಾ ತಾಸ ತಡದು ನೀರ ಕುಡಸೂಣ," ಎಂದರು ಸಿಸ್ಟರ್. ಪ್ಯಾರಾಸಿಟಮಾಲ್ ಹನಿ ಕೆನ್ನೆಯ ಒಳಬದಿಗೆ ಬಿಟ್ಟೆವು. ಅರ್ಧ ತಾಸು ಕಾದೆವು. ಓಆರ್‌ಎಸ್ಸನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದೆವು. ಆಮೇಲೆ ಸಿಸ್ಟರ್ ಬೆಂಚಿನ ಮೇಲೆ ಕೂತು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ನಿಮಿಷಕ್ಕೊಂದು ಚಮಚದಂತೆ ಕುಡಿಸಲು ಶುರುಮಾಡಿದರು. ವಾಂತಿಯಾದರೆ ಹತ್ತು ನಿಮಿಷ ನಿಲ್ಲಿಸುವುದು, ಮತ್ತೆ ಚಮಚ. ನಾನು ಉಳಿದ ರೋಗಿಗಳನ್ನು ನೋಡುತ್ತಿದ್ದೆ. ಎರಡು ತಾಸಿನಲ್ಲಿ ಕೂಸು ತಾನೇ ಚಮಚಕ್ಕೆ ಬಾಯಿ ತೆರೆಯಿತು. ಎದೆಹಾಲು ಕೊಡು ಎಂದರೆ ತಾಯಿ ಇನ್ನೂ ಅಂಜುತ್ತಿದ್ದಳು. ಸಿಸ್ಟರ್ ಗದರಿಸಿ, ಪರದೆ ಎಳೆದು, ಕೂಸನ್ನು ಅವಳ ಎದೆಗೆ ಹಚ್ಚಿದರು. ಮೂರು ತಾಸಿಗೆ ಅದು ಸಿಸ್ಟರ್ ಸೀರೆಯ ಮೇಲೆಯೇ ಉಚ್ಚೆ ಹೊಯ್ದಿತು.

"ಆತು ಬಿಡ್ರಿ ಮೇಡಂ, ಊಟಾ ಮಾಡ್ರಿ ಇನ್ನ," ಎಂದು ಸಿಸ್ಟರ್ ನಕ್ಕರು.

ನಾನು ಊಟದ ಡಬ್ಬಿ ಪಕ್ಕಕ್ಕಿಟ್ಟೆ. ಆ ಹಳ್ಳಿಯ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ.

"ಮೇಡಂ, ನಾನ ಹೇಳಬೇಕು ಅಂತಿದ್ನಿ," ಎಂದಳು ಆಕೆ. "ಹ್ವಾದ ತಿಂಗಳ ಒಬ್ಬರ ತೋಟದ ಮನಿ ಎಮ್ಮಿಗೆ ಕಾಲುಬಾಯಿ ಬ್ಯಾನಿ ಆಗಿತ್ರಿ. ಊರಾಗ ಅರ್ಧಾ ಮಂದಿಗೆ ಹಾಲ ಹಾಕೂದು ಅವ್ರ ಮನೀದ. ಈಗ ಅವ್ರ ಹಾಲಿಂದ ಹುಡುಗ್ರಿಗೆ ಬಂದೈತಿ ಅಂತ ಯಾರೂ ತಗೋವಲ್ರು. ಬಾವಿ ಕಡೆ ಹೋದ್ರ ಅವ್ರ ಸೊಸಿ ಕೂಡ ಯಾರೂ ಮಾತಾಡವಲ್ರು. ಹುಡುಗ್ರಿಗೆ ಹಾಲು, ಮೊಸರು, ಮಜ್ಜಿಗಿ ಎಲ್ಲಾ ಬಂದ್ ಮಾಡ್ಯಾರ್ರಿ. ದವಾಖಾನಿಗೂ ಯಾಕ ಹೋಗೂದು, ಎಮ್ಮಿ ಬ್ಯಾನಿಗೆ ಡಾಕ್ಟರಬಾಯಿ ಏನ ಮಾಡ್ತಾರ ಅಂತಾರ."

ಮಕ್ಕಳು ಬರುವುದು ನಿಂತದ್ದರ ಕಾರಣ ಅದು. ಬಾಯಿ ತುಂಬ ಹುಣ್ಣಿರುವ ಮಕ್ಕಳಿಗೆ ನಾನು ಕೊಡಿರೆಂದ ತಂಪು ಮಜ್ಜಿಗೆಯೇ ಊರಿನಲ್ಲಿ ಬಂದ್ ಆಗಿತ್ತು. ಅದೂ ನನ್ನ ಹೆಸರಿನಲ್ಲಿ.

ಆ ಎಮ್ಮೆಗೆ ಚಿಕಿತ್ಸೆ ಕೊಟ್ಟಿದ್ದ ಪಶುವೈದ್ಯರ ಪರಿಚಯ ನನಗೆ ಅಷ್ಟಾಗಿ ಇರಲಿಲ್ಲ. ಫೋನ್ ಮಾಡಿ ವಿಷಯ ಹೇಳಿದೆ. ಅವರು, "ಆ ಎಮ್ಮಿ ಆರಾಮಾಗಿ ಹದಿನೈದು ದಿನದ ಮ್ಯಾಲಾತ್ರಿ ಮೇಡಂ. ನಾಳೆ ಇಬ್ಬರೂ ಕೂಡೇ ಹೋಗೂಣು. ನೀವು ಕೂಸಿಂದು ಹೇಳ್ರಿ, ನಾ ಎಮ್ಮಿದು ಹೇಳ್ತೀನಿ," ಎಂದರು.

ಮರುದಿನ ಹನ್ನೊಂದಕ್ಕೆ ಅಂಗನವಾಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ಹೆಂಗಸರು ಸೇರಿದ್ದರು. ಮೊದಲ ದಿನ ಬಂದಿದ್ದ ಅಜ್ಜಿ ಮುಂದಿನ ಸಾಲಿನಲ್ಲಿದ್ದಳು. ಅವಳ ಮೊಮ್ಮಗಳು ಪೂರ್ತಿ ಗುಣವಾಗಿ ಅಲ್ಲಿಯೇ ಓಡಾಡುತ್ತಿದ್ದಳು. ನಾನು ಎದ್ದು ನಿಂತು ಮಾತಾಡಿದೆ. "ನೀವು ತಪ್ಪು ತಿಳಕೊಂಡೀರಿ. ನಾ ಹೇಳಿದ್ದು ಬ್ಯಾರೆ, ನಿಮಗ ಕೇಳಿಸಿದ್ದು ಬ್ಯಾರೆ," ಎಂದೇ ಶುರುಮಾಡಿದೆ. ಇನ್ನು ಮುಂದೆ ಇದನ್ನು ಬಾಯಿಹುಣ್ಣಿನ ಜ್ವರ ಎಂದು ಕರೆಯೋಣ ಎಂದೆ. ಒಂದು ಮಗುವಿನ ಜೊಲ್ಲು, ಸಿಂಬಳ, ಮಲದಿಂದ ಇನ್ನೊಂದು ಮಗುವಿಗೆ ಹರಡುತ್ತದೆ, ಗುಣವಾದ ಮೇಲೂ ಕೆಲವು ವಾರ ಮಲದಲ್ಲಿ ವೈರಸ್ ಇರುತ್ತದೆ, ಹಾಗಾಗಿ ಕುಂಡಿ ತೊಳೆಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದೇ ಮುಖ್ಯ ಎಂದೆ. ಅಂಗನವಾಡಿಯ ಕಿಟಕಿಯಲ್ಲಿ ಸ್ಯಾನಿಟೈಸರ್ ಬಾಟಲಿ ಒಂದಿತ್ತು. ಈ ವೈರಸ್ಸಿಗೆ ಅದು ಅಷ್ಟು ನಾಟುವುದಿಲ್ಲ, ಸೋಪೇ ಬೇಕು ಎಂದು ಸಿಸ್ಟರ್ ಬಾಗಿಲಲ್ಲಿ ಬಕೆಟ್ಟು, ಸೋಪು ಇಡಿಸಿದರು. ಆಟಿಕೆಗಳನ್ನು ಬ್ಲೀಚಿಂಗ್ ನೀರಲ್ಲಿ ತೊಳೆಸಿದರು.

ಪಶುವೈದ್ಯರ ಮಾತು ಚಿಕ್ಕದು. "ಎಮ್ಮಿ ಬ್ಯಾನಿ ಮನಶ್ಯಾಗ ಹಿಂಗ ಬರೂದಿಲ್ರಿ ಯವ್ವಾ. ದಿನಾ ಇಂಥಾ ದನದ ಬಾಯಾಗ ಕೈ ಹಾಕಾಂವ ನಾನು. ನನಗ ಬರಬೇಕಿತ್ತಲ್ಲ ಮೊದಲ? ಹಾಲ ಕಾಸಿ ಕುಡೀರಿ, ಕುಡಸ್ರಿ."

ಆಶಾ ಕಾರ್ಯಕರ್ತೆ ಅದೇ ತೋಟದ ಮನೆಯ ಹಾಲು ತರಿಸಿ ಚಹಾ ಮಾಡಿದ್ದಳು. ನಾವು ನಾಲ್ವರು ಕುಡಿದೆವು. ಹೆಂಗಸರಲ್ಲಿ ಇಬ್ಬರು ತೆಗೆದುಕೊಂಡರು. ಉಳಿದವರು ಹೊಟ್ಟೆ ತುಂಬಿದೆ ಎಂದರು. ಅಜ್ಜಿ ಕಪ್ಪು ಹಿಡಿದುಕೊಂಡೇ ಕೂತಿದ್ದಳು, ತುಟಿಗೆ ತಾಗಿಸಲಿಲ್ಲ. ಒಂದೇ ಸಭೆಗೆ ಎಲ್ಲ ಸರಿಹೋಗುವುದಿಲ್ಲವೆಂದು ನನಗೂ ಗೊತ್ತಾಯಿತು.

ಹೊರಡುವಾಗ ಆಶಾ ಕಾರ್ಯಕರ್ತೆ ನನ್ನನ್ನು ಪಕ್ಕಕ್ಕೆ ಕರೆದಳು. "ಮೇಡಂ, ಆ ಎಮ್ಮಿ ಮನ್ಯಾಗೂ ಒಂದು ಕೂಸೈತ್ರಿ. ಎರಡೂವರಿ ವರ್ಷದ್ದು. ನಾಕು ದಿನಾತು ಜ್ವರಾ ಬಂದು. ಮಂದಿ ಆಡ್ಕೋತಾರ ಅಂತ ಹೊರಗ ತಂದಿಲ್ಲ. ನಾ ಹೋದ್ರೂ ಒಳಗ ಬಿಡಲಿಲ್ಲ."

ನಾಲ್ಕು ದಿನ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಈ ಕಾಯಿಲೆಯಲ್ಲಿ ಜ್ವರ ಒಂದೆರಡು ದಿನಕ್ಕೆ ಬಿಡಬೇಕು.

ತೋಟದ ಮನೆ ಊರಾಚೆ, ಒಂದೂವರೆ ಕಿಲೋಮೀಟರ್ ದೂರ. ನಾನೂ ಸಿಸ್ಟರೂ ಪಶುವೈದ್ಯರ ಜೀಪಿನಲ್ಲಿಯೇ ಹೋದೆವು. ಎಮ್ಮೆ ಹೊರಗೆ ಕಟ್ಟಿತ್ತು, ಮೇವು ಮೆಲ್ಲುತ್ತಿತ್ತು. ಬಾಗಿಲಲ್ಲಿ ಮನೆಯ ಯಜಮಾನ, ಕೂಸಿನ ಅಜ್ಜ, ಕೂತಿದ್ದರು. ನಮ್ಮನ್ನು ಕಂಡು ಎದ್ದರೇ ಹೊರತು ಬರ್ರಿ ಎನ್ನಲಿಲ್ಲ. ಸೊಸೆ ಒಳಗಿನಿಂದ, "ಬರಲಿ ಬಿಡ್ರಿ ಮಾವಾರ," ಎಂದಳು. ಅವಳ ಗಂಡ ತಿಕೋಟಾದ ಕಡೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದ.

ಕೂಸು ಕೌದಿಯ ಮೇಲೆ ಮಲಗಿತ್ತು. ಅಂಗೈಯಲ್ಲಿ ನಾಲ್ಕೇ ನಾಲ್ಕು ಗುಳ್ಳೆ, ಆಗಲೇ ಬಾಡುತ್ತಿದ್ದವು. ಮೈ ಮುಟ್ಟಿದರೆ ಅಷ್ಟೇನೂ ಸುಡುತ್ತಿರಲಿಲ್ಲ. ಮೇಲುನೋಟಕ್ಕೆ ಉಳಿದ ಮಕ್ಕಳಿಗಿಂತ ಇದೇ ವಾಸಿ ಎನಿಸುವಂತಿತ್ತು. ನಾನು ಸ್ಟೆತಸ್ಕೋಪ್ ತೆಗೆಯುತ್ತಿದ್ದೆ. ನಿದ್ದೆಯಲ್ಲಿದ್ದ ಕೂಸು ಒಮ್ಮೆಲೇ ಎರಡೂ ಕೈ ಎಗರಿಸಿ ಬೆಚ್ಚಿಬಿದ್ದಿತು. ಮತ್ತೆ ಕಣ್ಣು ಮುಚ್ಚಿತು.

"ಹಿಂಗ ಆಗಾಕತ್ತು ಎಷ್ಟು ದಿನಾತವ್ವಾ?"

"ನಿನ್ನಿಯಿಂದ್ರಿ. ನಿದ್ದ್ಯಾಗ ಬೆಚ್ಚಿ ಬೀಳ್ತಾಳ. ದೃಷ್ಟಿ ಆಗೇತಿ ಅಂತ ಮಾವಾರು ನಿವಾಳಿಸಿ ಒಗದ್ರು."

ನಾನು ಸ್ಟೆತಸ್ಕೋಪನ್ನು ಕೆಳಗಿಟ್ಟು ವಾಚು ನೋಡುತ್ತ ಕೂತೆ. ಏನೂ ಮಾಡಲಿಲ್ಲ, ಸುಮ್ಮನೆ ನೋಡಿದೆ. ಐದು ನಿಮಿಷದಲ್ಲಿ ಐದು ಸಲ ಬೆಚ್ಚಿತು. ಜ್ವರದಲ್ಲಿ ಮಕ್ಕಳು ಒಮ್ಮೊಮ್ಮೆ ಬೆಚ್ಚುವುದುಂಟು. ಆದರೆ ಇಷ್ಟು ಸಲ, ಜ್ವರ ಇಳಿದಿರುವಾಗ, ಬೆಚ್ಚುವುದು ಬೇರೆ. ನಾಡಿ ಎಣಿಸಿದೆ. ನಿಮಿಷಕ್ಕೆ ನೂರಾ ಎಪ್ಪತ್ತು ದಾಟಿತ್ತು. ತಪ್ಪಿದೆನೇನೋ ಎಂದು ಮತ್ತೊಮ್ಮೆ ಎಣಿಸಿದೆ. ಅಷ್ಟೇ. ಕೂಸನ್ನು ಎಬ್ಬಿಸಿ ಕೂರಿಸಿ, ನನ್ನ ಪೆನ್ನು ಹಿಡಿದು ತೋರಿಸಿದೆ. ತೆಗೆದುಕೊಳ್ಳಲು ಚಾಚಿದ ಕೈ ನಡುಗುತ್ತಿತ್ತು. ನಿಲ್ಲಿಸಿದರೆ ಕಾಲು ಅಗಲಿಸಿ ನಿಂತು, ಎರಡು ಹೆಜ್ಜೆಗೆ ವಾಲಿ ತಾಯಿಯ ಸೀರೆ ಹಿಡಿಯಿತು.

"ನಿತ್ರಾಣಾಗಿ ಹಂಗ ನಡೀತಾಳ ಅಂತ ಅನ್ಕೊಂಡ್ನಿ," ಎಂದಳು ತಾಯಿ. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಗಿದೆ ಎಂದೂ ಹೇಳಿದಳು.

ಓದುವಾಗ ಕಲಿತದ್ದು ನೆನಪಾಯಿತು. ನೂರಾರು ಮಕ್ಕಳಲ್ಲಿ ಸುಮ್ಮನೆ ಬಂದುಹೋಗುವ ಈ ಕಾಯಿಲೆ ಎಲ್ಲೋ ಒಂದು ಮಗುವಿನಲ್ಲಿ ಮೆದುಳಿನ ಬುಡಕ್ಕೆ ಇಳಿಯುತ್ತದೆ. ಗುಳ್ಳೆ ಕಡಿಮೆ ಇದೆಯೆಂದು ಮೋಸಹೋಗಬಾರದು. ಒಮ್ಮೆ ಉಸಿರು, ಎದೆಬಡಿತ ಏರುಪೇರಾದರೆ ಕೆಲವೇ ತಾಸಿನಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ನನ್ನ ಹತ್ತಿರ ಅದನ್ನು ಖಚಿತಪಡಿಸುವ ಯಾವ ಸಾಧನವೂ ಇರಲಿಲ್ಲ. ಕಣ್ಣಿಂದ ನೋಡಿದ್ದು, ಬೆರಳಿಂದ ಎಣಿಸಿದ್ದು, ಇಷ್ಟೇ. ನನ್ನ ಅನುಮಾನ ಸುಳ್ಳಾದರೆ, ಕೂಸನ್ನು ದೊಡ್ಡಾಸ್ಪತ್ರೆಗೆ ಒಯ್ದರೆಂಬ ಕಾರಣಕ್ಕೇ ಈ ಮನೆಯ ಮೇಲಿನ ಅಪವಾದ ಮತ್ತಷ್ಟು ಗಟ್ಟಿಯಾಗುತ್ತದೆ. ನಿಜವಾಗಿದ್ದು ನಾನು ಸಂಜೆಯವರೆಗೆ ಕಾದರೆ ಕೂಸು ಉಳಿಯದೆ ಹೋಗಬಹುದು.

"ಈಗಿಂದೀಗ ವಿಜಯಪುರಕ್ಕ ಒಯ್ಯಬೇಕು," ಎಂದೆ.

ಆಂಬುಲೆನ್ಸಿಗೆ ಫೋನ್ ಮಾಡಿದೆವು. ಅದು ಬೇರೆ ಕರೆಗೆ ಹೋಗಿತ್ತು, ಬರಲು ಒಂದು ತಾಸಿನ ಮೇಲಾಗುತ್ತದೆ ಎಂದರು. ಪಶುವೈದ್ಯರು ಜೀಪಿನ ಕೀಲಿ ತೆಗೆದರು. "ನಡೀರಿ, ನಾ ಬಿಡ್ತೀನಿ."

ಅಜ್ಜ ಬಾಗಿಲಿಗೆ ಅಡ್ಡ ನಿಂತರು. ಸಿಟ್ಟಿನಿಂದಲ್ಲ. ಅಂಜಿಕೆಯಿಂದ. "ಬಾಯಾರ, ದನದ ಡಾಕ್ಟರ್ ಗಾಡ್ಯಾಗ ಕೂಸಿನ್ನ ಹಾಕ್ಕೊಂಡು ಊರ ನಡುವ ಹಾದ್ರ ಏನಂತಾರ ನೀವ ಹೇಳ್ರಿ. ಎಮ್ಮಿ ಬ್ಯಾನಿ ಖರೇನ ಇತ್ತು ಅಂತಾರ. ನಾವು ಈ ಊರಾಗ ಬಾಳೇ ಮಾಡಾವ್ರು. ಸಂಜಿಮಟಾ ನೋಡೂಣ್ರಿ. ಜ್ವರಾ ಇಳದೈತಿ, ಆರಾಮಾಗತಾಳ."

"ಅಜ್ಜಾರ, ಜ್ವರಾ ಇಳದ್ರೂ ನಾಡಿ ಇಳದಿಲ್ಲ. ಅದ ನನಗ ಹೆದರಿಕಿ. ಸಂಜಿಗೆ ನಾವು ಹೊಂಟ್ವಿ ಅಂದ್ರ ಆಗ ಏನೂ ಮಾಡಾಕ ಬರಲಿಕ್ಕಿಲ್ಲ."

ಅವರು ಕದಲಲಿಲ್ಲ. ಸೊಸೆ ಎದ್ದಳು. ಕೂಸನ್ನು ಕೌದಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಳು, ಸೆರಗು ಸರಿಮಾಡಿಕೊಂಡಳು. "ಮಾವಾರ, ಎಮ್ಮಿ ನೀವು ನೋಡ್ಕೋರಿ. ನಾ ಹೊಂಟೆ," ಎಂದು ಅವರ ಪಕ್ಕದಿಂದ ದಾಟಿ ಜೀಪಿನಲ್ಲಿ ಹೋಗಿ ಕೂತಳು.

ಸಿಸ್ಟರನ್ನು ಆರೋಗ್ಯ ಕೇಂದ್ರ ನೋಡಿಕೊಳ್ಳಲು ಕಳಿಸಿ ನಾನು ಅವಳ ಪಕ್ಕದಲ್ಲಿ ಕೂತೆ. ಅಂಗನವಾಡಿಯ ಮುಂದೆಯೇ ಹಾದು ಹೋಗಬೇಕಿತ್ತು. ಸಭೆಗೆ ಬಂದಿದ್ದ ಹೆಂಗಸರು ಇನ್ನೂ ಅಲ್ಲಿಯೇ ನಿಂತಿದ್ದರು. ಎಲ್ಲರೂ ನೋಡಿದರು. ತಾಯಿ ತಲೆ ತಗ್ಗಿಸಲಿಲ್ಲ.

ದಾರಿಯಲ್ಲಿ ವಿಜಯಪುರದ ಮಕ್ಕಳ ತಜ್ಞರೊಬ್ಬರಿಗೆ ಫೋನ್ ಮಾಡಿ, ವಯಸ್ಸು, ಜ್ವರದ ದಿನ, ಬೆಚ್ಚುವಿಕೆ, ನಾಡಿ, ನಡಿಗೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಒಂದೇ ಮಾತು ಕೇಳಿದರು. "ಬೆಚ್ಚೂದನ್ನ ನೀವ ಕಣ್ಣಾರೆ ನೋಡೀರೇನು?" ಹೌದೆಂದೆ. ಐಸಿಯುನಲ್ಲಿ ಜಾಗ ಇಡುತ್ತೇನೆ ಎಂದರು. ವಾಂತಿ ಉಸಿರಿಗೆ ಹೋಗದಂತೆ ಕೂಸನ್ನು ಒಂದು ಮಗ್ಗುಲಿಗೆ ಮಲಗಿಸಿಕೊಂಡು, ಬಾಯಿಗೆ ಏನೂ ಕೊಡದೆ, ಐದೈದು ನಿಮಿಷಕ್ಕೆ ನಾಡಿ, ಉಸಿರು ಎಣಿಸಿ ಅಂಗೈ ಮೇಲೆ ಬರೆದುಕೊಂಡೆ. ಪಶುವೈದ್ಯರು ಗುಂಡಿಗಳನ್ನು ತಪ್ಪಿಸುತ್ತ ಓಡಿಸಿದರು.

ಬಬಲೇಶ್ವರ ದಾಟಿದ ಮೇಲೆ ತಾಯಿ ಕೇಳಿದಳು. "ಉಳೀತಾಳೇನ್ರಿ?"

"ಹೊತ್ತಿಗೆ ಮುಟ್ಟಿದ್ರ ಉಳಿಯೂ ಆಸೆ ಭಾಳ ಐತಿ," ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಿರಲಿಲ್ಲ, ಕಡಿಮೆ ಹೇಳಲು ಮನಸ್ಸಿರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಆಮ್ಲಜನಕ ಹಚ್ಚಿದರು, ಎದೆಗೆ ಮಾನಿಟರಿನ ತಂತಿ ಜೋಡಿಸಿದರು. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಬೇಕು ಎಂದಾಗ ತಾಯಿ ನನ್ನ ಕಡೆ ನೋಡಿದಳು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತವೆ ಎಂಬ ಭಯ ಎಲ್ಲರಿಗೂ ಇದೆ. ಸೂಜಿ ಎಲ್ಲಿ ಹಾಕುತ್ತಾರೆ, ಎಷ್ಟು ನೀರು ತೆಗೆಯುತ್ತಾರೆ, ಯಾಕೆ ಬೇಕು ಎಂದು ಈ ಸಲ ಅವಳ ಮುಖ ನೋಡುತ್ತ, ಅವಳು ತಿರುಗಿ ನನಗೆ ಹೇಳುವವರೆಗೆ ಬಿಡಿಸಿ ಹೇಳಿದೆ. ಒಪ್ಪಿಗೆ ಪತ್ರಕ್ಕೆ ಅವಳು ಹೆಬ್ಬೆಟ್ಟು ಒತ್ತಲಿಲ್ಲ, ತನ್ನ ಹೆಸರು ಬರೆದಳು. ಸಂಜೆಯ ಹೊತ್ತಿಗೆ ಗಂಡ ತಿಕೋಟಾದಿಂದ ಬಸ್ಸಿಗೆ ಬಂದು ಮುಟ್ಟಿದ.

ಅನುಮಾನ ನಿಜವಾಗಿತ್ತು. ಮೆದುಳಿನ ಸೋಂಕು. ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡಲು ಶುರುಮಾಡಿದರು. ಹೃದಯದ ಮೇಲೆ ಹೊರೆಯಾಗದಂತೆ ಸಲೈನನ್ನು ಅಳೆದು ಅಳೆದು ಬಿಟ್ಟರು. ಆಮೇಲೆ ಮಾಡುವುದಿದ್ದದ್ದು ಕಾಯುವುದು. ಎರಡನೆಯ ದಿನ ಡ್ಯೂಟಿ ಮುಗಿಸಿ ಹೋದಾಗ ನಾಡಿ ನೂರಾ ತೊಂಬತ್ತಕ್ಕೇರಿತ್ತು, ಉಸಿರು ಮೇಲುಮೇಲಾಗಿತ್ತು. ವೆಂಟಿಲೇಟರನ್ನು ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದ್ದರು. ತಜ್ಞರು ನನ್ನನ್ನು ಹೊರಗೆ ಕರೆದು, "ಹಾಕಬೇಕಾಗಬಹುದು. ಇನ್ನಾರು ತಾಸು ನೋಡೋಣ," ಎಂದರು. ತಂದೆತಾಯಿಗೆ ಆ ಮಾತು ಹೇಳುವ ಕೆಲಸ ನನ್ನದಾಯಿತು.

ವೆಂಟಿಲೇಟರ್ ಬೇಕಾಗಲಿಲ್ಲ. ಮೂರನೆಯ ದಿನ ನಾಡಿ ಇಳಿಯತೊಡಗಿತು. ನಾಲ್ಕನೆಯ ದಿನ ಬೆಚ್ಚುವುದು ನಿಂತಿತು. ಐದನೆಯ ದಿನ ಹೋದಾಗ ಕೂಸು ಹಾಸಿಗೆಯ ಮೇಲೆ ಕೂತು ಸ್ಟೀಲಿನ ಲೋಟ ಎರಡೂ ಕೈಯಲ್ಲಿ ಹಿಡಿದು ಹಾಲು ಕುಡಿಯುತ್ತಿತ್ತು. ಕೈ ನಡುಗುತ್ತಿರಲಿಲ್ಲ. ತಾಯಿ ಅದನ್ನು ಕೆಳಗಿಳಿಸಿದಳು. ಕಿಟಕಿಯವರೆಗೆ ನಡೆದು, ಹೊರಗೆ ನಿಂತಿದ್ದ ಆಟೋ ನೋಡಿ, ತಿರುಗಿ ಬಂತು. ನಾನು ಅದರ ಪಾದಗಳನ್ನೇ ನೋಡುತ್ತಿದ್ದೆ. ಒಂದರ ಮುಂದೊಂದು, ನೇರವಾಗಿ ಬಿದ್ದವು.

ಆಸ್ಪತ್ರೆಯಿಂದ ಮನೆಗೆ ಹೋಗಿ ಮೂರು ವಾರವಾದ ಮೇಲೆ ತಾಯಿ ಆರೋಗ್ಯ ಕೇಂದ್ರಕ್ಕೆ ಬಂದಳು. ಕೂಸಿನ ಕೈ ಹಿಡಿದು ತೋರಿಸಿದಳು. ಎರಡು ಬೆರಳಿನ ಉಗುರು ಬುಡದಿಂದ ಎದ್ದು ಸಡಿಲಾಗಿದ್ದವು. ಈ ಕಾಯಿಲೆ ಹೋದ ಕೆಲವು ವಾರಗಳಲ್ಲಿ ಹೀಗಾಗುವುದುಂಟು. ನೋವಿಲ್ಲ, ಕೆಳಗೆ ಹೊಸ ಉಗುರು ಬರುತ್ತಿರುತ್ತದೆ ಎಂದು ವಿವರಿಸಿದೆ. ಕೂಸಿನ ಬೆರಳ ತುದಿ ಮುಟ್ಟಿ ತೋರಿಸಿದೆ.

"ಊರಾಗ ಹಾಲ ತಗೊಳ್ಳಾಕತ್ತಾರೇನು?" ಎಂದು ಕೇಳಿದೆ.

"ಮೂರ ಮನ್ಯಾವ್ರು ತಗೋತಾರ್ರಿ. ಉಳದಾವ್ರು ಇಲ್ಲ. ಈಗ ಉಗುರ ನೋಡಿದ್ರ ಮತ್ತ ಆಡ್ಕೋತಾರ. ಎಮ್ಮಿ ಗೊರಸ ಉದರಿತ್ತಲ್ರಿ, ಹಂಗ ಅಂತಾರ."

ನಾನು ಚೀಟಿ ಬರೆಯುವುದನ್ನು ನಿಲ್ಲಿಸಿದೆ. "ನೋಡವ್ವಾ, ಈ ಮಾತು ಹುಟ್ಟಿದ್ದು ನನ್ನ ಬಾಯಿಂದ. ಆ ಅಜ್ಜಿ ಕಾಲುಬಾಯೇನ್ರಿ ಅಂತ ಕೇಳಿದಾಗ ನಾ ಹೂಂ ಅಂದೆ. ಅವಸರದಾಗಿದ್ದೆ. ತಪ್ಪು ನಂದು."

ಅವಳು ಕೂಸಿನ ಕೂದಲು ನೇವರಿಸಿದಳು. ಪರವಾಗಿಲ್ಲ ಎನ್ನುತ್ತಾಳೆಂದು ನಾನು ಕಾದೆ. ಅವಳು ಹಾಗೆನ್ನಲಿಲ್ಲ.

"ಅವತ್ತ ಅಂಗನವಾಡ್ಯಾಗ ನೀವು ತಪ್ಪು ತಿಳಕೊಂಡೀರಿ ಅಂತ ಹೆಂಗಸ್ರಿಗೆ ಅಂದ್ರಂತ. ಆಶಾಬಾಯಿ ಹೇಳಿದ್ಲು," ಎಂದಳು. "ಈಗ ನನ್ನ ಮುಂದ ಅಂದ ಮಾತ ಅಲ್ಲಿ ಎಲ್ಲಾರ ಮುಂದ ಹೇಳ್ರಿ. ನನ್ನ ಕೂಸಿನ ಜೀಂವಾ ಉಳಿಸೀರಿ, ಅದಕ್ಕ ಕೈ ಮುಗೀತೀನಿ. ಇದು ಬ್ಯಾರೆ."

ಅವಳ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮುಂದಿನ ಗುರುವಾರ ಆ ಹಳ್ಳಿಯಲ್ಲಿ ಲಸಿಕೆಯ ದಿನ. ಕೂಸುಗಳನ್ನು ಎತ್ತಿಕೊಂಡ ಹೆಂಗಸರಿಂದ ಅಂಗನವಾಡಿ ತುಂಬಿತ್ತು. ಅಜ್ಜಿಯೂ ಇದ್ದಳು. ಎಮ್ಮೆ ಮನೆಯ ಸೊಸೆ ಹಿಂದೆ ಗೋಡೆಗೆ ಆತು, ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಅಕ್ಕಪಕ್ಕ ಜಾಗ ಖಾಲಿ ಇತ್ತು. ಲಸಿಕೆ ಶುರುಮಾಡುವ ಮೊದಲು ನಾನು ಎದ್ದು ನಿಂತೆ. ಡಾಕ್ಟರಾಗಿ ಜನರ ಮುಂದೆ ಬಹಳ ಸಲ ಮಾತಾಡಿದ್ದೇನೆ. ಇಂಥ ಮಾತು ಆಡಿರಲಿಲ್ಲ.

"ಹಿಂದಕ್ಕ ಬಂದಾಗ ನೀವು ತಪ್ಪು ತಿಳಕೊಂಡೀರಿ ಅಂದಿದ್ನಿ. ಅದು ಖರೇ ಅಲ್ಲ. ತಪ್ಪು ಹೇಳಿದಾಕಿ ನಾನು. ಈ ಅಜ್ಜಿ ಕಾಲುಬಾಯಿ ಏನು ಅಂತ ಕೇಳಿದ್ರು, ನಾ ವಿಚಾರ ಮಾಡದ ಹೂಂ ಅಂದೆ. ಅದರಿಂದ ನಿಮ್ಮ ಹುಡುಗ್ರು ಹಾಲು, ಮಜ್ಜಿಗಿ ಇಲ್ದ ಬಳಲ್ಯಾವ. ಈ ಮನಿಯವ್ರು ಮಾಡದ ತಪ್ಪಿಗೆ ಅನ್ನಿಸ್ಕೊಂಡಾರ. ಇವರ ಕೂಸೂ ನಿಮ್ಮ ಕೂಸುಗಳಂಗನ ಅಂಗನವಾಡ್ಯಾಗ ಆಡಿ ಬ್ಯಾನಿ ಹಚ್ಕೊಂಡೈತಿ. ಯಾರಿಗರೆ ಸಿಟ್ಟಿದ್ರ ನನ್ನ ಮ್ಯಾಲ ಮಾಡ್ರಿ." ಉಗುರಿನ ವಿಷಯವನ್ನೂ ಹೇಳಿದೆ. ನಿಮ್ಮ ಮಕ್ಕಳಿಗೂ ಉದುರಬಹುದು, ಹೆದರಬೇಡಿ, ಹೊಸದು ಬರುತ್ತದೆ ಎಂದೆ.

ಅಜ್ಜಿ ನನ್ನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ತನ್ನ ಮೊಮ್ಮಗಳನ್ನು ಹತ್ತಿರ ಎಳೆದು ಅವಳ ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದಳು. ಹೆಬ್ಬೆರಳಿಗೆ ಬಂದು ನಿಂತಳು. ಅದರ ಉಗುರು ಸಡಿಲಾಗಿತ್ತು.

ಮೊಮ್ಮಗಳ ಕೈ ಹಿಡಿದುಕೊಂಡು ಅಜ್ಜಿ ಎದ್ದಳು. ಕೂತವರ ನಡುವೆ ದಾರಿ ಮಾಡಿಕೊಂಡು ಹಿಂದಿನ ಗೋಡೆಯವರೆಗೆ ಹೋಗಿ ಸೊಸೆಯ ಪಕ್ಕದ ಖಾಲಿ ಜಾಗದಲ್ಲಿ ಕೂತಳು.

"ನಿನ್ನ ಮಗಳದು ಎಷ್ಟು ಉದರ್ಯಾವ? ತೋರ್ಸ ನೋಡೂಣು," ಎಂದಳು.

ಸಿಸ್ಟರ್ ಲಸಿಕೆಯ ಡಬ್ಬಿ ತೆರೆದು ಮೊದಲ ಕೂಸಿನ ಹೆಸರು ಕೂಗಿದರು.